ಕ್ಯಾಶುವಾಲ್ಟಿಗೆ ‘ಮೆಂಟಲ್ ಕೇಸ್’ ಬಂದಾಗ: ರಾತ್ರಿ ಡ್ಯೂಟಿಯವರಿಗೊಂದು ಮಾರ್ಗದರ್ಶಿ

ರಾತ್ರಿ ಒಂದೂವರೆಗೆ ಆಟೋ ಬಂದು ನಿಲ್ಲುತ್ತದೆ. ನಾಲ್ಕು ಜನ ಸೇರಿ ಒಬ್ಬರನ್ನು ಇಳಿಸುತ್ತಾರೆ. ಕೈಗೆ ದನ ಕಟ್ಟುವ ಹಗ್ಗ. ಗೇಟಿನ ಸೆಕ್ಯೂರಿಟಿ ಒಳಗೆ ಕೂಗುತ್ತಾನೆ: ‘ಸಿಸ್ಟರ್, ಮೆಂಟಲ್ ಕೇಸ್!’ ಚೀಟಿ ಮಾಡುವವರೂ ಅದನ್ನೇ ಬರೆಯುತ್ತಾರೆ. ನೀವಿನ್ನೂ ರೋಗಿಯ ಮುಖ ನೋಡಿಲ್ಲ, ಡಯಾಗ್ನೋಸಿಸ್ ಆಗಲೇ ಆಗಿಹೋಗಿದೆ.

ನಾನು ಹೊಸದಾಗಿ ಡ್ಯೂಟಿ ಮಾಡುತ್ತಿದ್ದಾಗ ಹೀಗೇ ಬಂದ ಅರವತ್ತು ದಾಟಿದ ಯಜಮಾನರೊಬ್ಬರಿಗೆ ನೇರವಾಗಿ ನಿದ್ದೆ ಇಂಜೆಕ್ಷನ್ ಬರೆದಿದ್ದೆ. ಅವರು ಬಾಯಿಗೆ ಬಂದಂತೆ ಬೈಯುತ್ತಿದ್ದರು, ಬಟ್ಟೆ ಕಿತ್ತುಕೊಳ್ಳುತ್ತಿದ್ದರು. ಸಿಸ್ಟರ್ ಸುಮ್ನೆ ಅಭ್ಯಾಸಕ್ಕೆ ಬೆರಳು ಚುಚ್ಚಿ ಶುಗರ್ ನೋಡಿದರು. 38. ಗ್ಲೂಕೋಸ್ ಹೋದ ಸ್ವಲ್ಪ ಹೊತ್ತಿಗೆ ಯಜಮಾನರು ಎದ್ದು ಕೂತು, ‘ನನ್ನ ಚಪ್ಪಲಿ ಎಲ್ಲಮ್ಮಾ?’ ಅಂದರು. ನಾನು ಬರೆದ ಇಂಜೆಕ್ಷನ್ ಇನ್ನೂ ಟ್ರೇಯಲ್ಲೇ ಇತ್ತು. ಅದು ಮೊದಲು ಹೋಗಿದ್ದರೆ ಅವರು ‘ಮಲಗಿದ್ದಾರೆ’ ಅಂತ ನಾವೆಲ್ಲ ನೆಮ್ಮದಿಯಾಗಿ ಇರುತ್ತಿದ್ದೆವು.

ಮನಸ್ಸಿನ ಕಾಯಿಲೆ ಅನ್ನುವ ಮೊದಲು ದೇಹವನ್ನು ನೋಡಿ. ಈ ಬರಹದ ಮುಕ್ಕಾಲು ಪಾಲು ಇದೇ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಇರುವ ಹೊಸ ಡಾಕ್ಟರು, ಇಂಟರ್ನ್, ಸ್ಟಾಫ್ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಡೋಸ್‌ಗಳೆಲ್ಲ ದೊಡ್ಡವರಿಗೆ ಮಾತ್ರ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಇದ್ದರೆ ಅದನ್ನೇ ನೋಡಿ.

ಹೆಜ್ಜೆ 1: ಜಾಗ ಮತ್ತು ನಿಮ್ಮ ಸುರಕ್ಷತೆ

ಗಲಾಟೆ ಮಾಡುತ್ತಿರುವವರನ್ನು ಹಾಲ್ ಮಧ್ಯದ ಕಾಟ್‌ಗೆ ಹಾಕಬೇಡಿ. ಸುತ್ತ ಇಪ್ಪತ್ತು ಜನ ನಿಂತು ನೋಡಿದರೆ ಯಾರಿಗಾದರೂ ರೇಗುತ್ತದೆ. ಮೂಲೆಯ ಕಾಟ್, ಒಂದು ಪರದೆ ಇದ್ದರೆ ಸಾಕು. ಕತ್ತರಿ, ಡ್ರೆಸ್ಸಿಂಗ್ ಟ್ರೇ, ಡ್ರಿಪ್ ಸ್ಟ್ಯಾಂಡ್ ಅಲ್ಲಿಂದ ತೆಗೆಸಿ. ಕುತ್ತಿಗೆಯಲ್ಲಿರುವ ಸ್ಟೆತಾಸ್ಕೋಪ್, ಐಡಿ ಕಾರ್ಡಿನ ದಾರ ಎರಡನ್ನೂ ತೆಗೆದು ಜೇಬಿಗೆ ಹಾಕಿ. ಎರಡು ತೋಳಿನಷ್ಟು ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಲ್ಲಿ. ಬಾಗಿಲಿನ ದಾರಿ ನಿಮಗೂ ಬೇಕು, ಅವರಿಗೂ ಬೇಕು. ದಾರಿ ಕಟ್ಟಿ ನಿಂತರೆ ಹೆದರಿದವರು ನಿಮ್ಮ ಮೇಲೇ ಬರುತ್ತಾರೆ.

ಮಾತಾಡುವುದು ಒಬ್ಬರೇ. ಇದು ನಮ್ಮಲ್ಲಿ ಕಷ್ಟ. ಅಣ್ಣ ಒಂದು ಕಡೆಯಿಂದ ‘ಸುಮ್ನೆ ಕೂತ್ಕೋ’ ಅಂತಾನೆ, ಸೆಕ್ಯೂರಿಟಿ ಇನ್ನೊಂದು ಕಡೆಯಿಂದ ಗದರುತ್ತಾನೆ, ಅಮ್ಮ ಅಳುತ್ತಾರೆ. ಮನೆಯವರಲ್ಲಿ ರೋಗಿಗೆ ಹೊಂದುವ ಒಬ್ಬರನ್ನು ಉಳಿಸಿಕೊಂಡು ಬಾಕಿಯವರನ್ನು ಹೊರಗೆ ಕಳಿಸಿ. ಯಾರು ಹೊಂದುತ್ತಾರೆ ಅನ್ನುವುದು ರೋಗಿಯ ಕಣ್ಣಿನಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 2: ಹಗ್ಗ ಬಿಚ್ಚಿ, ಆರು ಅಂಕಿ ಬರೆಯಿರಿ

ಹಗ್ಗ ಬಿಚ್ಚಲು ಭಯ ಆಗುತ್ತದೆ, ನಿಜ. ಆದರೆ ಎಷ್ಟು ಹೊತ್ತಿನಿಂದ ಕಟ್ಟಿದ್ದಾರೆ ಅಂತ ಕೇಳಿ. ‘ಬೆಳಿಗ್ಗೆಯಿಂದ’ ಅಂದರೆ ಮಣಿಕಟ್ಟಿನ ಕೆಳಗಿನ ನಾಡಿ, ಬೆರಳಿನ ಬಣ್ಣ, ಬಾವು ನೋಡಲೇಬೇಕು. ಗಂಟೆಗಟ್ಟಲೆ ಹಗ್ಗದ ಜೊತೆ ಗುದ್ದಾಡಿದವರ ಸ್ನಾಯುಗಳು ಒಡೆದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿರಬಹುದು. ಹಾಗಿದ್ದರೆ ಸಿಪಿಕೆ (ಸ್ನಾಯು ಒಡೆದದ್ದನ್ನು ತೋರಿಸುವ ರಕ್ತಪರೀಕ್ಷೆ), ಕ್ರಿಯಾಟಿನಿನ್, ಪೊಟ್ಯಾಶಿಯಂ ಕಳಿಸಿ, ಡ್ರಿಪ್ ಶುರು ಮಾಡಿ.

ಆಮೇಲೆ ಬಿಪಿ, ನಾಡಿ, ಜ್ವರ, ಉಸಿರಾಟದ ವೇಗ, ಆಕ್ಸಿಜನ್ ಸ್ಯಾಚುರೇಷನ್, ಶುಗರ್. ಈ ಆರು ಇಲ್ಲದೆ ‘ಸೈಕಿಯಾಟ್ರಿ ರೆಫರಲ್’ ಅನ್ನುವ ಪದ ಬರೆಯಬೇಡಿ. ರೋಗಿ ಬಿಡುತ್ತಿಲ್ಲವಾದರೆ ‘ಬಿಡಲಿಲ್ಲ’ ಅಂತಲೇ ಸಮಯ ಹಾಕಿ ಬರೆದು, ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಹಣೆ ಮುಟ್ಟಿ ‘ಜ್ವರ ಇಲ್ಲ’ ಅನ್ನುವುದು ಲೆಕ್ಕಕ್ಕಿಲ್ಲ, ಥರ್ಮಾಮೀಟರ್ ಇಡಿ. ತಲೆಗೂದಲ ನಡುವೆ ಬೆರಳಾಡಿಸಿ ಗಾಯ, ಬೋರೆ ಇದೆಯಾ ನೋಡಿ. ಕುತ್ತಿಗೆ ಬಗ್ಗಿಸಿ. ಟಾರ್ಚ್ ಬಿಟ್ಟು ಪಾಪೆ ನೋಡಿ.

ಶುಗರ್ 70ಕ್ಕಿಂತ ಕಡಿಮೆ ಇದ್ದು ಗೊಂದಲದಲ್ಲಿದ್ದರೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಮಿಲಿ ನರಕ್ಕೆ ಕೊಡಿ. ಕುಡಿಯುವವರಾದರೆ ಜೊತೆಗೇ ಥಯಮಿನ್ (ಬಿ1 ವಿಟಮಿನ್) ಕೂಡ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ನುಂಗುವವರಾದರೆ ಸರಿಯಾದರು ಅಂತ ಮನೆಗೆ ಕಳಿಸಬೇಡಿ. ಶುಗರ್ ಮತ್ತೆ ಇಳಿಯುತ್ತದೆ, ಒಂದು ದಿನವಾದರೂ ಇಟ್ಟುಕೊಳ್ಳಿ.

ಹೆಜ್ಜೆ 3: ದೇಹವೋ, ಮನಸ್ಸೋ?

ಮನೆಯವರು ‘ಒಂದು ವಾರದಿಂದ ಹೀಗೆ’ ಅನ್ನುತ್ತಾರೆ. ಅಷ್ಟಕ್ಕೇ ಬಿಡಬೇಡಿ. ‘ಹೋದ ಸಂತೆ ದಿನ ಹೇಗಿದ್ರು? ಹಬ್ಬಕ್ಕೆ ಕೆಲಸ ಮಾಡಿದ್ರಾ? ಮೊನ್ನೆ ರಾತ್ರಿ ತಾವೇ ಊಟ ಮಾಡಿದ್ರಾ?’ ಹೀಗೆ ಕೇಳಿದರೆ ನಿಜವಾದ ಕಾಲ ಸಿಗುತ್ತದೆ. ತಿಂಗಳುಗಟ್ಟಲೆ ಮೆಲ್ಲಗೆ ಬದಲಾದವರು ಬೇರೆ. ಮೊನ್ನೆವರೆಗೆ ಚೆನ್ನಾಗಿದ್ದು ನಿನ್ನೆಯಿಂದ ತಲೆಬುಡವಿಲ್ಲದ ಮಾತಾಡುತ್ತಿರುವವರು ಬೇರೆ. ಎರಡನೆಯದನ್ನು ಡೆಲಿರಿಯಂ (ದೇಹದ ಕಾಯಿಲೆಯಿಂದ ದಿಢೀರನೆ ಆಗುವ ಗೊಂದಲ) ಅಂತ ಹಿಡಿದು, ಅಲ್ಲ ಅಂತ ಗೊತ್ತಾಗುವವರೆಗೆ ಹುಡುಕಿ.

ಡೆಲಿರಿಯಂ ಗುರುತಿಸುವ ಕೀಲಿ ಗಮನ. ಮಾತಾಡಿಸುತ್ತಿದ್ದಂತೆ ರೋಗಿಯ ಗಮನ ಜಾರಿಹೋಗುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಜಾಸ್ತಿ. ಗೋಡೆ ಮೇಲೆ ಹುಳ ಕಾಣುತ್ತದೆ, ಹಾಸಿಗೆಯಲ್ಲಿ ಏನನ್ನೋ ಹೆಕ್ಕುತ್ತಿರುತ್ತಾರೆ. ‘ಭಾನುವಾರದಿಂದ ಹಿಂದಕ್ಕೆ ಹೇಳಿ, ಶನಿವಾರ, ಶುಕ್ರವಾರ...’ ಅಂದರೆ ಬುಧವಾರದ ಹೊತ್ತಿಗೆ ದಾರಿ ತಪ್ಪುತ್ತಾರೆ. ಓದು ಬರದ ಅಜ್ಜಿಗೆ ನಾನು ಇನ್ನೊಂದು ರೀತಿ ಕೇಳುತ್ತೇನೆ: ‘ಅಜ್ಜಿ, ನಾನು ಹಣ್ಣಿನ ಹೆಸರು ಹೇಳ್ತೀನಿ. ಮಾವು ಅಂದಾಗ ಮಾತ್ರ ನನ್ನ ಕೈ ಒತ್ತು.’ ಹತ್ತು ಹೆಸರು ಸಾಕು. ಸ್ಕಿಜೋಫ್ರೇನಿಯಾ ಇರುವವರು ಪಕ್ಕದ ಮನೆಯವರು ವಿಷ ಹಾಕುತ್ತಿದ್ದಾರೆ ಅಂತ ಹೇಳುತ್ತಲೇ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಸರಿಯಾಗಿ ಮಾಡುತ್ತಾರೆ. ಡೆಲಿರಿಯಂನವರಿಗೆ ಆಗುವುದಿಲ್ಲ.

ಇವು ಕಂಡರೆ ದೇಹದ ಕಡೆ ತಿರುಗಿ: ಜ್ವರ, ಫಿಟ್ಸ್, ತಲೆಗೆ ಏಟು, ತಡೆಯಲಾರದ ತಲೆನೋವು, ನಲವತ್ತು ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ‘ಹುಚ್ಚು’, ಕಣ್ಣಿಗೆ ಇಲ್ಲದ್ದು ಕಾಣುವುದು. ಬಿಪಿಗೆ ನೀರಿನ ಮಾತ್ರೆ ನುಂಗುವ ವಯಸ್ಸಾದವರಲ್ಲಿ ಸೋಡಿಯಂ ಇಳಿದಿರಬಹುದು. ಜ್ವರದ ಜೊತೆ ಬಡಬಡಿಸಿದರೆ ಮೆನಿಂಜೈಟಿಸ್, ಎನ್ಸೆಫಲೈಟಿಸ್, ಸ್ಕ್ರಬ್ ಟೈಫಸ್ ನೆನಪಾಗಲಿ. ಮಲೆನಾಡಿನವರಾದರೆ ಮಂಗನ ಕಾಯಿಲೆಯ ಎರಡನೇ ಸುತ್ತಿನಲ್ಲೂ ಮಿದುಳಿನ ಲಕ್ಷಣ ಬರುತ್ತದೆ. ಪಾಪೆ ಹಿಗ್ಗಿ, ಬಾಯಿ ಒಣಗಿ, ಮೈ ಬಿಸಿಯಾಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದರೆ ಉಮ್ಮತ್ತಿ ಕಾಯಿ ತಿಂದಿದ್ದಾರಾ ಅಂತ ಕೇಳಿ. ನಾಟಿ ಔಷಧಿ ಅಂತಲೂ ಹೊಟ್ಟೆಗೆ ಹೋಗಿರಬಹುದು. ಅಂಥವರಿಗೆ ಫಿನರ್ಗನ್ (ಪ್ರೋಮೆಥಾಜಿನ್) ಕೊಟ್ಟರೆ ಉರಿಯುವುದಕ್ಕೆ ಎಣ್ಣೆ ಸುರಿದಂತೆ. ಲೋರಾಜೆಪಾಮ್ ಕೊಡಿ.

ಹೆಜ್ಜೆ 4: ಮಾತೇ ಮೊದಲ ಔಷಧಿ

‘ನಿಮ್ಮ ಹೆಸರೇನಣ್ಣ? ನಾನು ಇಲ್ಲಿಯ ಡಾಕ್ಟರ್. ಇಲ್ಲಿ ಯಾರೂ ನಿಮಗೆ ಹೊಡೆಯಲ್ಲ. ನೀರು ಬೇಕಾ?’ ಚಿಕ್ಕ ವಾಕ್ಯ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಅವರ ಸಂಶಯವನ್ನು ‘ಅದೆಲ್ಲ ಸುಳ್ಳು’ ಅನ್ನಬೇಡಿ, ‘ಹೌದೌದು’ ಅಂತಲೂ ತಲೆಯಾಡಿಸಬೇಡಿ. ‘ಎಷ್ಟು ದಿನದಿಂದ ಹೀಗೆ ಭಯದಲ್ಲಿದ್ದೀರಾ, ನಿದ್ದೇನೇ ಆಗಿಲ್ಲ ಅಲ್ವಾ?’ ಅಂದರೆ ಬಹಳ ಜನ ತಲೆಯಾಡಿಸುತ್ತಾರೆ. ಆಮೇಲೆ ಆಯ್ಕೆ ಕೊಡಿ: ‘ಮಾತ್ರೆ ತಗೋತೀರಾ, ಇಂಜೆಕ್ಷನ್ನಾ?’ ಮಾತ್ರೆ ನುಂಗಲು ಒಪ್ಪಿದವರಿಗೆ ಸೂಜಿ ಚುಚ್ಚುವ ಅಗತ್ಯವೇ ಇಲ್ಲ.

ಸುಳ್ಳು ಹೇಳಬೇಡಿ. ‘ಇದು ವಿಟಮಿನ್ ಇಂಜೆಕ್ಷನ್’ ಅಂತ ಹೇಳಿ ಹಾಕಿಸುವುದು ಎಲ್ಲ ಕಡೆ ನಡೆಯುತ್ತದೆ. ಮುಂದಿನ ಸಲ ಆ ಮನುಷ್ಯ ಆಸ್ಪತ್ರೆ ಗೇಟಿನ ಹತ್ತಿರವೂ ಬರುವುದಿಲ್ಲ.

ಹೆಜ್ಜೆ 5: ಇಂಜೆಕ್ಷನ್ ಬೇಕೇ ಬೇಕಾದಾಗ

ಹ್ಯಾಲೋಪೆರಿಡಾಲ್ 5 ಮಿಲಿಗ್ರಾಂ, ಪ್ರೋಮೆಥಾಜಿನ್ 25ರಿಂದ 50 ಮಿಲಿಗ್ರಾಂ, ಎರಡೂ ಸ್ನಾಯುವಿಗೆ. ಕಂಪನಿ ಹೆಸರಿನಲ್ಲಿ ‘ಸೆರೆನೇಸ್ ಫಿನರ್ಗನ್’ ಅಂತ ಸಿಸ್ಟರ್‌ಗಳಿಗೆಲ್ಲ ಬಾಯಿಪಾಠ. ಇದು ಸುಮ್ನೆ ರೂಢಿಗೆ ಬಂದಿದ್ದಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ 200 ರೋಗಿಗಳ ಮೇಲೆ ಈ ಜೋಡಿಯನ್ನು ಲೋರಾಜೆಪಾಮ್ ಜೊತೆ ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಎರಡೂ ಕೆಲಸ ಮಾಡಿದವು, ಈ ಜೋಡಿ ಬೇಗ ಮಾಡಿತು. ಹ್ಯಾಲೋಪೆರಿಡಾಲ್ ಒಂದನ್ನೇ ಕೊಡಬೇಡಿ, ಅದರಲ್ಲೂ ಹುಡುಗರಿಗೆ, ಕುತ್ತಿಗೆ ತಿರುಚಿಕೊಳ್ಳುತ್ತದೆ.

ಕುಡಿತ ನಿಲ್ಲಿಸಿ ಆದ ಗಲಾಟೆಗೆ, ಏನು ಕಾರಣ ಅಂತ ಗೊತ್ತಾಗದಿದ್ದಾಗ, ಫಿಟ್ಸ್ ಇರುವವರಿಗೆ ಲೋರಾಜೆಪಾಮ್ 2 ಮಿಲಿಗ್ರಾಂ ಒಳ್ಳೆಯದು. ಆದರೆ ಈಗಷ್ಟೇ ಹೊಟ್ಟೆ ತುಂಬ ಕುಡಿದು ಬಂದವರಿಗೆ ಅದನ್ನು ಕೊಟ್ಟರೆ ಉಸಿರು ನಿಧಾನವಾಗಬಹುದು. ಓಲಾಂಜಪಿನ್ ಇಂಜೆಕ್ಷನ್ ಮತ್ತು ಲೋರಾಜೆಪಾಮ್ ಇಂಜೆಕ್ಷನ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ವಯಸ್ಸಾದವರ ಡೆಲಿರಿಯಂಗೆ ಹ್ಯಾಲೋಪೆರಿಡಾಲ್ ಕೊಡಲೇಬೇಕಾದರೆ ಅರ್ಧ ಮಿಲಿಗ್ರಾಂನಿಂದ ಶುರು ಮಾಡಿ. ಸಾಧ್ಯವಾದಾಗ ಇಸಿಜಿ ತೆಗೆದು ಕ್ಯೂಟಿ ಅಂತರ ಉದ್ದವಾಗಿದೆಯಾ ನೋಡಿ.

ಅಪಾಯ ಇರುವುದು ಇಂಜೆಕ್ಷನ್ ಆದ ಮೇಲೆ. ಮಲಗಿದರು ಅಂತ ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಮಗ್ಗುಲಾಗಿ ಮಲಗಿಸಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ಉಸಿರು, ನಾಡಿ, ಬಿಪಿ ಬರೆಯಿರಿ.

ಹೆಜ್ಜೆ 6: ಕಟ್ಟಬೇಕಾಗಿ ಬಂದರೆ

ಬೇರೆ ಯಾವ ದಾರಿಯೂ ಇಲ್ಲದೆ, ಈಗಲೇ ಯಾರಿಗಾದರೂ ಅಪಾಯ ಆಗುತ್ತದೆ ಅನ್ನುವಾಗ ಮಾತ್ರ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 97ನೇ ಸೆಕ್ಷನ್ ಹೇಳುವುದೂ ಇದನ್ನೇ. ಮನೋವೈದ್ಯರ ಅನುಮತಿ ಬೇಕು ಅಂತಲೂ ಅದರಲ್ಲಿದೆ. ರಾತ್ರಿ ಹೊತ್ತು ಅವರು ಎಲ್ಲಿ ಸಿಗುತ್ತಾರೆ? ನಾನು ಫೋನ್ ಮಾಡಿ, ಯಾರ ಜೊತೆ ಎಷ್ಟು ಹೊತ್ತಿಗೆ ಮಾತಾಡಿದೆ ಅಂತ ಕೇಸ್ ಶೀಟ್‌ನಲ್ಲಿ ಬರೆದಿಡುತ್ತೇನೆ. ಸರಪಳಿ ಹಾಕುವುದಂತೂ ಯಾವ ರೂಪದಲ್ಲೂ ಕಾನೂನಿನಲ್ಲಿ ಇಲ್ಲ.

ಐದು ಜನ ಬೇಕು. ಕೈಕಾಲಿಗೆ ನಾಲ್ವರು, ತಲೆಯ ಹತ್ತಿರ ಒಬ್ಬರು. ತಲೆಯ ಹತ್ತಿರ ಇರುವವರೇ ರೋಗಿಯ ಜೊತೆ ಮಾತಾಡುತ್ತಿರಬೇಕು. ಬೋರಲಾಗಿ ಮಲಗಿಸಬೇಡಿ, ಎದೆಯ ಮೇಲೆ ಯಾರೂ ಕೂರಬಾರದು. ಉಸಿರುಗಟ್ಟಿ ಸಾಯುವುದು ಹೀಗೇ. ಅಗಲವಾದ ಹತ್ತಿ ಬಟ್ಟೆ ಬಳಸಿ, ಒಂದು ಬೆರಳು ತೂರುವಷ್ಟು ಸಡಿಲ ಬಿಡಿ. ಶಾಂತವಾದ ತಕ್ಷಣ ಒಂದೊಂದೇ ಬಿಚ್ಚುತ್ತ ಬನ್ನಿ.

ಹೆಜ್ಜೆ 7: ಕುಡಿತ ನಿಲ್ಲಿಸಿದವರು

ನಮ್ಮ ಕ್ಯಾಶುವಾಲ್ಟಿಗೆ ಬರುವವರಲ್ಲಿ ಇವರೇ ಜಾಸ್ತಿ. ಬಹಳ ಸಲ ಬೇರೆ ಕಾಯಿಲೆಗೆ ಅಡ್ಮಿಟ್ ಆದವರು. ಕಾಲು ಮುರಿದು ಆರ್ಥೋ ವಾರ್ಡಿನಲ್ಲಿ ಮೂರು ದಿನ ಇದ್ದವರು ನಾಲ್ಕನೇ ರಾತ್ರಿ ಪ್ಲಾಸ್ಟರ್ ಸಮೇತ ಎದ್ದು ಓಡುತ್ತಾರೆ. ವಾರ್ಡಿನವರು ‘ಮೆಂಟಲ್ ಆದ್ರು’ ಅಂತ ಕಳಿಸುತ್ತಾರೆ. ಕೊನೆಯ ಸಲ ಕುಡಿದಿದ್ದು ಯಾವಾಗ ಅಂತ ಯಾರೂ ಕೇಳಿರುವುದಿಲ್ಲ.

ಲೆಕ್ಕ ಹೀಗಿದೆ. ಕೊನೆಯ ಪೆಗ್ ಆಗಿ 6 ಗಂಟೆಯಿಂದ ಕೈ ನಡುಕ, ಬೆವರು, ನಿದ್ದೆಗೆಡುವುದು ಶುರು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಡೆಲಿರಿಯಂ ಟ್ರೆಮೆನ್ಸ್: ಜ್ವರ, ನಾಡಿಯ ಓಟ, ಗೋಡೆ ಮೇಲೆ ಹಾವು ಚೇಳು. ಚಿಕಿತ್ಸೆ ಕೊಡದಿದ್ದರೆ ಇದರಲ್ಲಿ ಜೀವ ಹೋಗುತ್ತದೆ.

ಡಯಾಜೆಪಾಮ್ 10 ಮಿಲಿಗ್ರಾಂ ನಿಧಾನವಾಗಿ ನರಕ್ಕೆ, ಶಾಂತವಾಗುವವರೆಗೆ ಮತ್ತೆ ಮತ್ತೆ. ಕಾಮಾಲೆ, ಹೊಟ್ಟೆ ನೀರು ಇದ್ದರೆ ಲೋರಾಜೆಪಾಮ್. ಸೆರೆನೇಸ್ ಒಂದನ್ನೇ ನಂಬಿ ಕೂರಬೇಡಿ, ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ. ಥಯಮಿನ್ ಎಲ್ಲರಿಗೂ ನರಕ್ಕೇ ಕೊಡಿ. ಗೊಂದಲ, ತೂರಾಡುವ ನಡಿಗೆ, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ಇವುಗಳಲ್ಲಿ ಒಂದಿದ್ದರೂ ವರ್ನಿಕೆ (ಥಯಮಿನ್ ಕೊರತೆಯಿಂದ ಮಿದುಳಿಗೆ ಆಗುವ ಹಾನಿ) ಅಂತಲೇ ಹಿಡಿದು 500 ಮಿಲಿಗ್ರಾಂ ದಿನಕ್ಕೆ ಮೂರು ಸಲ ಹೋಗಲಿ. ಕುಡುಕರು ಬಿದ್ದಿರುತ್ತಾರೆ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಸರಿಯಾಗದಿದ್ದರೆ ಸಿಟಿ ಬೇಕೇ ಬೇಕು.

ಇನ್ನೊಂದು ಮಾತು. ಕುಡಿದ ಕೂಡಲೇ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಬಂದರೆ ಹೆಂಡತಿಯನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿ: ‘ಸಾರಿನಲ್ಲಿ ಏನಾದರೂ ಪುಡಿ ಹಾಕ್ತಿದ್ದೀರಾಮ್ಮ?’ ಕುಡಿತ ಬಿಡಿಸಲು ಗುಟ್ಟಾಗಿ ಡೈಸಲ್ಫಿರಾಮ್ ಹಾಕುವವರಿದ್ದಾರೆ. ಆಕೆಯನ್ನು ಬೈಯಬೇಡಿ. ಆದರೆ ಅದು ಜೀವಕ್ಕೆ ಅಪಾಯ ಅಂತ ಬಿಡಿಸಿ ಹೇಳಿ.

ಹೆಜ್ಜೆ 8: ಸಾಯಲು ಹೊರಟು ಉಳಿದವರು

ಇಲ್ಲಿ ಎರಡು ಚಿಕಿತ್ಸೆ ಒಟ್ಟಿಗೆ ನಡೆಯಬೇಕು. ವಿಷಕ್ಕೆ ಮಾಡುವುದು ನಿಮಗೆ ಗೊತ್ತಿದೆ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಇಲಿ ಪಾಷಾಣದ ಪೇಸ್ಟ್ ನುಂಗಿದವರು ಮೊದಲ ದಿನ ಒಂದೆರಡು ಸಲ ವಾಂತಿ ಮಾಡಿ ಚೆನ್ನಾಗಿ ಕೂತಿರುತ್ತಾರೆ. ‘ಏನೂ ಆಗಿಲ್ಲ, ಹೆದರಿಸೋಕೆ ಮಾಡಿದ್ದಾಳೆ’ ಅಂತ ಮನೆಯವರೂ ಅಂತಾರೆ, ನಮ್ಮವರೂ ಅಂತಾರೆ. ಅದರಲ್ಲಿರುವ ಹಳದಿ ರಂಜಕ (ಫಾಸ್ಫರಸ್) ಯಕೃತ್ತನ್ನು ತಿನ್ನುವುದು ಎರಡು ಮೂರು ದಿನ ಬಿಟ್ಟು. ಕಾಮಾಲೆ ಕಂಡು ಮತ್ತೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಅಡ್ಮಿಟ್ ಮಾಡಿ, ಲಿವರ್ ಪರೀಕ್ಷೆ ಮತ್ತು ಐಎನ್ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ) ದಿನಾ ನೋಡಿ, ಬೇಗ ದೊಡ್ಡ ಆಸ್ಪತ್ರೆಗೆ ಕಳಿಸಿ. ಪ್ಯಾರಾಸಿಟಮಾಲ್ ಕೂಡ ಹೀಗೇ ಮೋಸ ಮಾಡುತ್ತದೆ. ಅದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಇದೆ, 8 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ‘ಬುದ್ಧಿ ಬರಲಿ’ ಅಂತ ಹೊಟ್ಟೆ ತೊಳೆಯುವ ಟ್ಯೂಬ್ ಹಾಕುವವರನ್ನು ನೋಡಿದ್ದೇನೆ. ಅದು ಚಿಕಿತ್ಸೆಯಲ್ಲ, ಶಿಕ್ಷೆ.

ಎಚ್ಚರವಾದ ಮೇಲೆ ಒಬ್ಬರನ್ನೇ ಕೂರಿಸಿಕೊಂಡು ಕೇಳಿ. ಹೆಣ್ಣುಮಕ್ಕಳಾದರೆ ಗಂಡ, ಅತ್ತೆ ಇಬ್ಬರೂ ಪರದೆಯ ಆಚೆ ಸಾಲದು, ಬಾಗಿಲಿನ ಆಚೆ ಇರಲಿ. ‘ಬದುಕೋದೇ ಬೇಡ ಅನ್ನಿಸಿತ್ತಾ? ಈಗಲೂ ಹಾಗೇ ಅನ್ನಿಸ್ತಿದೆಯಾ? ಉಳಿದಿದ್ದಕ್ಕೆ ಸಮಾಧಾನ ಆಯ್ತಾ, ಬೇಜಾರಾಯ್ತಾ?’ ಹೀಗೆ ನೇರವಾಗಿ ಕೇಳಿದರೆ ಇಲ್ಲದ ಆಲೋಚನೆ ಹುಟ್ಟುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಮಾಡಿದ್ದು, ಮೊದಲೇ ಪತ್ರ ಬರೆದಿಟ್ಟಿದ್ದು, ಹಿಂದೆ ಒಮ್ಮೆ ಪ್ರಯತ್ನಿಸಿದ್ದು, ಕುಡಿತ, ‘ಸಾಯಿ’ ಅನ್ನುವ ದನಿ ಕೇಳಿಸುವುದು, ಉಳಿದಿದ್ದಕ್ಕೆ ಬೇಜಾರು: ಇಂಥವರನ್ನು ಮನೋವೈದ್ಯರು ನೋಡದೆ ಬಿಡಬೇಡಿ, ಒಂಟಿಯಾಗಿ ಬಾತ್‌ರೂಮಿಗೂ ಕಳಿಸಬೇಡಿ.

ಮನೆಗೆ ಕಳಿಸುವಾಗ ಹೊಲದ ಔಷಧಿ ಎಲ್ಲಿಡುತ್ತೀರಿ ಅಂತ ಕೇಳಿ, ಬೀಗ ಹಾಕಿಸಿ ಅಥವಾ ಮನೆಯಿಂದಾಚೆ ಇಡಿಸಿ. ಮಾತ್ರೆ ಒಂದು ವಾರದ್ದಷ್ಟೇ ಬರೆಯಿರಿ, ಮನೆಯವರ ಕೈಗೆ ಕೊಡಿ. ಟೆಲಿ ಮಾನಸ್ ನಂಬರ್ 14416 ಚೀಟಿಯ ಮೇಲೆ ದೊಡ್ಡದಾಗಿ ಬರೆಯಿರಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ನಿಮಗೇ ಬೇಕಾದರೂ ಇದೇ ನಂಬರ್.

ಮನೆಯವರ ದೊಡ್ಡ ಭಯ ಪೊಲೀಸ್ ಕೇಸ್. ಅದೇ ಭಯಕ್ಕೆ ‘ತಪ್ಪಿ ಕುಡಿದ’ ಅಂತ ಹೇಳುತ್ತಾರೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್) ಮಾಡುವುದು ನಮ್ಮ ಕೆಲಸ, ಮಾಡಿ. ಆದರೆ 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ. ಇದನ್ನು ನಿಮ್ಮ ಬಾಯಿಂದ ಕೇಳಿದ ಮೇಲೆ ಎಷ್ಟೋ ಜನ ನಿಜ ಹೇಳುತ್ತಾರೆ.

ಹೆಜ್ಜೆ 9: ‘ಡ್ರಾಮಾ’ ಅನ್ನುವ ಮೊದಲು

ಕುತ್ತಿಗೆ ಒಂದು ಕಡೆ ತಿರುಚಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಗೆ ಬಂದ ಹುಡುಗನನ್ನು ದೇವಸ್ಥಾನಕ್ಕೆ ತೋರಿಸಿ ಆಮೇಲೆ ಕರೆತರುತ್ತಾರೆ. ಮೈಮೇಲೆ ಬಂದಿದೆ ಅಂತ. ನಿನ್ನೆ ಏನು ಇಂಜೆಕ್ಷನ್ ಆಯಿತು ಅಂತ ಕೇಳಿ. ಸೆರೆನೇಸ್ ಇರಬಹುದು, ವಾಂತಿಗೆ ಹಾಕಿದ ಪೆರಿನಾರ್ಮ್ ಕೂಡ ಇರಬಹುದು. ಫಿನರ್ಗನ್ 25ರಿಂದ 50 ಮಿಲಿಗ್ರಾಂ ಹಾಕಿದರೆ ಅರ್ಧ ಗಂಟೆಯೊಳಗೆ ಕುತ್ತಿಗೆ ನೆಟ್ಟಗಾಗುತ್ತದೆ. ಕ್ಯಾಶುವಾಲ್ಟಿಯಲ್ಲಿ ಇಷ್ಟು ಬೇಗ ಖುಷಿ ಕೊಡುವ ಚಿಕಿತ್ಸೆ ಇನ್ನೊಂದಿಲ್ಲ.

ಸೆರೆನೇಸ್ ಥರದ ಮಾತ್ರೆ ನುಂಗುವವರು ಜ್ವರ ಬಂದು, ಮರದ ದಿಮ್ಮಿಯಂತೆ ಬಿಗಿಯಾಗಿ, ಬೆವೆತು, ಮಂಕಾಗಿದ್ದರೆ ಅದು ನ್ಯೂರೋಲೆಪ್ಟಿಕ್ ಮಾಲಿಗ್ನೆಂಟ್ ಸಿಂಡ್ರೋಮ್. ಆ ಮಾತ್ರೆ ನಿಲ್ಲಿಸಿ, ಮೈ ತಣ್ಣಗೆ ಮಾಡಿ, ಐಸಿಯುಗೆ. ಮೂಡ್ ಕಾಯಿಲೆಗೆ ಲಿಥಿಯಂ ನುಂಗುವವರಿಗೆ ವಾಂತಿ ಭೇದಿ ಆಗಿ ಕೈ ದೊಡ್ಡದಾಗಿ ನಡುಗಿ, ನಡಿಗೆ ತೂರಾಡಿದರೆ ಲಿಥಿಯಂ ಏರಿದೆ. ಸಲೈನ್ ಹಾಕಿ, ಡಯಾಲಿಸಿಸ್ ಇರುವ ಕಡೆ ಕಳಿಸಿ.

ಮಾತಿಲ್ಲ, ಊಟವಿಲ್ಲ, ಎತ್ತಿದ ಕೈ ಎತ್ತಿದಂತೇ ಗಾಳಿಯಲ್ಲಿ ನಿಂತಿದೆ ಅಂದರೆ ಕ್ಯಾಟಟೋನಿಯಾ. ಲೋರಾಜೆಪಾಮ್ 2 ಮಿಲಿಗ್ರಾಂ ನರಕ್ಕೆ ಕೊಟ್ಟು ಕಾಯಿರಿ. ನಾಲ್ಕು ದಿನದಿಂದ ಮಾತಾಡದವರು ನೀರು ಕೇಳಿದ್ದನ್ನು ನೋಡಿದ್ದೇನೆ.

ಬಾಣಂತಿಯರ ವಿಷಯದಲ್ಲಿ ತಡ ಬೇಡ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ನಿದ್ದೆಗೆಟ್ಟು, ಮಗು ತನ್ನದಲ್ಲ ಅನ್ನುವುದನ್ನು ಹಳ್ಳಿಯಲ್ಲಿ ಬಾಣಂತಿ ಸನ್ನಿ ಅಂತಾರೆ. ಮಗುವನ್ನು ಆಕೆಯ ಜೊತೆ ಒಂಟಿಯಾಗಿ ಬಿಡಬೇಡಿ. ಜೊತೆಗೆ ತಲೆನೋವು ಅಥವಾ ಫಿಟ್ಸ್ ಇದ್ದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಬಾಣಂತಿಗೆ ನೀರು ಕೊಡಬಾರದು ಅನ್ನುವ ಮನೆಗಳಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಂತೆ. ಬಿಪಿ ನೋಡಿ, ಸ್ಕ್ಯಾನ್ ಮಾಡಿಸಿ.

ಎದೆ ಬಡಿತ, ಕೈ ಸೆಟೆತ, ‘ಸಾಯ್ತೀನಿ’ ಅನ್ನುವ ಭಯ ಪ್ಯಾನಿಕ್ ಇರಬಹುದು. ಇಸಿಜಿ ಆದ ಮೇಲೆ ಹಾಗನ್ನಿ. ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಆಚೀಚೆ ಆಡಿಸುತ್ತ ಬರುವ ಫಿಟ್ಸ್ ಮಾನಸಿಕ ಒತ್ತಡದಿಂದ ಇರಬಹುದು. ಅದೂ ಬೇಕಂತಲೇ ಮಾಡುವುದಲ್ಲ. ಎದೆ ಉಜ್ಜುವುದು, ಚಿವುಟುವುದು ಬಿಟ್ಟು, ಜನರನ್ನು ಹೊರಗೆ ಕಳಿಸಿ ಪಕ್ಕದಲ್ಲಿ ಕೂರಿ.

ಹೆಜ್ಜೆ 10: ಕಾಗದ ಮತ್ತು ರೆಫರಲ್

‘ನಾನು ಮನೋವೈದ್ಯನಲ್ಲ, ನಾನು ಹೇಗೆ ಚಿಕಿತ್ಸೆ ಕೊಡಲಿ?’ ಅಂತ ಕೇಳುವವರಿಗೆ ಅದೇ 2017ರ ಕಾಯ್ದೆಯ 94ನೇ ಸೆಕ್ಷನ್ ಉತ್ತರ. ಜೀವಕ್ಕೆ, ಆರೋಗ್ಯಕ್ಕೆ ಅಥವಾ ಬೇರೆಯವರಿಗೆ ದೊಡ್ಡ ಅಪಾಯ ತಪ್ಪಿಸಲು ಯಾವ ನೋಂದಾಯಿತ ವೈದ್ಯರಾದರೂ ತುರ್ತು ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿ (ಕಾಯ್ದೆಯ ಪ್ರಕಾರ ರೋಗಿಯ ಪರವಾಗಿ ನಿಲ್ಲುವವರು) ಇದ್ದರೆ ಅವರ ಒಪ್ಪಿಗೆ ಪಡೆಯಿರಿ. ಹೆಚ್ಚೆಂದರೆ 72 ಗಂಟೆ, ಅಷ್ಟರೊಳಗೆ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ತೋರಿಸಬೇಕು. ಕರೆಂಟ್ ಚಿಕಿತ್ಸೆ ಈ ತುರ್ತಿನಲ್ಲಿ ಬರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ಗೋ, ಧಾರವಾಡದ ಡಿಮ್ಹಾನ್ಸ್‌ಗೋ, ನಿಮ್ಮ ಹತ್ತಿರದ ಮೆಡಿಕಲ್ ಕಾಲೇಜಿಗೋ ಕಳಿಸುವ ಮೊದಲು ಅಲ್ಲಿಗೆ ಫೋನ್ ಮಾಡಿ. ಪತ್ರದಲ್ಲಿ ಆರೂ ಅಂಕಿ ಇರಲಿ. ಯಾವ ಇಂಜೆಕ್ಷನ್, ಎಷ್ಟು, ಎಷ್ಟು ಹೊತ್ತಿಗೆ ಅನ್ನುವುದಿರಲಿ. ಇಲ್ಲದಿದ್ದರೆ ಅಲ್ಲಿಯವರು ಗೊತ್ತಿಲ್ಲದೆ ಮತ್ತೊಂದು ಸುತ್ತು ಹಾಕುತ್ತಾರೆ. ಮನೆಯವರು ತಂದ ಮಾತ್ರೆ ಚೀಲವನ್ನು ರೋಗಿಯ ಜೊತೆಗೇ 108ಕ್ಕೆ ಹತ್ತಿಸಿ. ನಿದ್ದೆಯಲ್ಲಿರುವ ರೋಗಿಯ ಜೊತೆ ಅಣ್ಣನೊಬ್ಬನನ್ನೇ ಕೂರಿಸಿ ಕಳಿಸಬೇಡಿ. ಉಸಿರು ನೋಡಲು ಬರುವವರೊಬ್ಬರು ಬೇಕು. ಆಂಬುಲೆನ್ಸ್ ಬಾಗಿಲು ಹಾಕುವ ಮೊದಲು ಇನ್ನೊಂದು ಸಲ ಬೆರಳು ಚುಚ್ಚಿ ಶುಗರ್ ನೋಡಿ, ಆ ಅಂಕಿಯನ್ನೂ ಪತ್ರದ ಕೊನೆಗೆ ಬರೆಯಿರಿ.